ಓದು ಬಿಟ್ಟವರನ್ನು ಕೇಳುವವರು ಯಾರು?

ಪಿಯುಸಿ ಮುಗಿಸಿ ಏನಾಗುತ್ತೀಯ ಎಂದರೆ ನಮ್ಮಲ್ಲಿ ಸಿಗುವ ಉತ್ತರಗಳು ನಾಲ್ಕೈದೇ: ಡಾಕ್ಟರ್, ಎಂಜಿನಿಯರ್, ಸಿಎ, ಟೀಚರ್, ಇಲ್ಲವೇ ಅಬ್ಬಾನ ಅಂಗಡಿ. ಈ ಪಟ್ಟಿಗೆ ನಾನು ಇನ್ನೊಂದು ಕೆಲಸ ಸೇರಿಸುತ್ತೇನೆ. ಮಕ್ಕಳು ಓದನ್ನು ಅರ್ಧಕ್ಕೇ ಏಕೆ ಬಿಡುತ್ತಾರೆ, ಅವರನ್ನು ಉಳಿಸಿಕೊಳ್ಳಲು ಏನು ಮಾಡಬೇಕು ಎಂದು ಲೆಕ್ಕ ಸಮೇತ ಹೇಳುವ ಶಿಕ್ಷಣ ನೀತಿ ಸಂಶೋಧಕರ ಕೆಲಸ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಓದುವುದಕ್ಕಾಗಿ ಬೆಂಗಳೂರಿಗೆ ನಡೆದೇ ಹೋದರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಈ ಕಥೆಯನ್ನು ನಮಗೆಲ್ಲ ಹೇಳಿದ್ದಾರೆ. ನಡೆಯಲಾಗದೆ ಊರಲ್ಲೇ ಉಳಿದವರ ಕಥೆಯನ್ನು ಯಾರೂ ಹೇಳಿಲ್ಲ. ಸಂಶೋಧಕರು ಹುಡುಕುವುದು ಅವರನ್ನೇ.

ನಮ್ಮ ಜಿಲ್ಲೆಯಲ್ಲಿ ಕಾರಣ ಊರಿಗೊಂದು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಮನೆಯ ಹುಡುಗನಿಗೆ ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಕೆಲಸ ಕಾದಿರುತ್ತದೆ. ಚಿಂತಾಮಣಿಯಲ್ಲಿ ಟೊಮೆಟೊ ಮಂಡಿಯ ದಿನಗೂಲಿ ಕರೆಯುತ್ತದೆ. ಹುಡುಗಿಯರಿಗೆ ರಿಷ್ತಾ ಬರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಉಚಿತ, ಸರಿ. ಆದರೆ ಸಂಜೆ ಬಸ್ಸೇ ಇಲ್ಲದ ಹಳ್ಳಿಯವಳಿಗೆ ಅದರಿಂದೇನು? ಎಲ್ಲದಕ್ಕೂ ‘ಬಡತನ’ ಎಂದುಬಿಟ್ಟರೆ ಬಸ್ಸಿನ ಸಮಯ ಬದಲಾಗುವುದಿಲ್ಲ.

ಲೆಕ್ಕದಿಂದ ಹೋದ ಹುಡುಗಿ ವಾಪಸ್ ಬರುತ್ತಾಳೆಯೇ ಎಂದು ಕೆಲವರು ಕೇಳಬಹುದು. ಸಾಚಾರ್ ಸಮಿತಿಯನ್ನು ನೋಡಿ. ಅದರ ಸದಸ್ಯ ಕಾರ್ಯದರ್ಶಿ ಅಬುಸಲೇಹ್ ಶರೀಫ್ ಸ್ವತಃ ಸಂಶೋಧಕರು, ಅರ್ಥಶಾಸ್ತ್ರಜ್ಞರು. 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಗೆ ಹೋಗಿಯೇ ಇಲ್ಲ ಅಥವಾ ಬಿಟ್ಟಿದ್ದಾರೆ ಎಂದು 2006ರ ವರದಿ ಹೇಳಿತು. ‘ಅವರೆಲ್ಲ ಮದರಸಾಗೆ ಹೋಗುತ್ತಾರೆ’ ಎಂಬ ಮಾತು ಆಗ ಎಲ್ಲೆಡೆ ಇತ್ತು. ಹಾಗೆ ಹೋಗುವವರು ಶೇ. 3–4 ಮಾತ್ರ ಎಂದೂ ಅದೇ ವರದಿ ತೋರಿಸಿತು. ಕಾರಣ ತಪ್ಪಾಗಿ ತಿಳಿದರೆ ಮದ್ದೂ ತಪ್ಪುತ್ತದೆ. ಅದಾದ ಮೇಲೆ 2007–08ರ ಹೊತ್ತಿಗೆ ಕೇಂದ್ರದ ಅಲ್ಪಸಂಖ್ಯಾತ ವಿದ್ಯಾರ್ಥಿವೇತನಗಳು ಶುರುವಾದವು.

‘ಆರ್ಟ್ಸ್ ಓದಿ ಏನು ಮಾಡ್ತೀಯ?’ ಎನ್ನುವವರಿಗೂ ಇಲ್ಲಿ ಉತ್ತರವಿದೆ. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಸಂಖ್ಯಾಶಾಸ್ತ್ರ ಈ ದಾರಿಯ ವಿಷಯಗಳು. ಸ್ನಾತಕೋತ್ತರ ಓದಿಗೆ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಪಿಎಚ್.ಡಿ.ಗೆ ನಾಗರಬಾವಿಯ ಐಸೆಕ್ ಸಂಸ್ಥೆ ಇವೆ. ಉರ್ದು, ಕನ್ನಡ, ತೆಲುಗು ಮೂರನ್ನೂ ಮಾತಾಡುವ ನಮ್ಮ ಕಡೆಯ ಹುಡುಗಿ ಮನೆಯೊಳಗೆ ಕೂತು ಅಮ್ಮಿಯ ಜೊತೆ ಮಾತಾಡಬಲ್ಲಳು. ದೆಹಲಿಯಿಂದ ಫಾರಂ ಹಿಡಿದು ಬಂದವರಿಗೆ ಅದು ಸುಲಭವಲ್ಲ.

ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ ನಿಲ್ಲುತ್ತದೆ. ನಮ್ಮ ವಯಸ್ಸಿನವರು ಓದು ಬಿಟ್ಟರೆ ಆ ಕಾಯ್ದೆ ಕೇಳುವುದಿಲ್ಲ, ಕಾಲೇಜೇ ಕೇಳಬೇಕು. ಆದ್ದರಿಂದ ಪ್ರಾಂಶುಪಾಲರು ಮತ್ತು ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ: ಒಂದು ನೋಟ್‌ಬುಕ್ ಇಡೋಣ. ವಾರವಿಡೀ ಬಾರದವರ ಮನೆಗೆ ಒಬ್ಬ ಉಪನ್ಯಾಸಕರು, ಒಬ್ಬ ಸಹಪಾಠಿ ಹೋಗಲಿ. ಗದರಿಸುವುದು ಬೇಡ, ಕಾರಣ ಕೇಳಿ ಬರೆದುಕೊಳ್ಳಲಿ. ಹೆಸರು ಹೊರಗೆ ಹೋಗದಿರಲಿ. ವರ್ಷದ ಕೊನೆಗೆ ಕಾರಣಗಳನ್ನು ಎಣಿಸೋಣ. ಹತ್ತು ಮಂದಿ ಬಸ್ ಎಂದರೆ ಡಿಪೋಗೆ ಅರ್ಜಿ ಹಾಕೋಣ, ಫೀಸ್ ಎಂದರೆ ಆಡಳಿತ ಮಂಡಳಿಯ ಮುಂದೆ ಇಡೋಣ.

ಈ ಕೆಲಸಕ್ಕೆ ಪದವಿ ಬೇಕಿಲ್ಲ. ಎಣಿಸುವ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಮುಂದೆ ಇದನ್ನೇ ವೃತ್ತಿ ಮಾಡಿಕೊಂಡಾರು, ಇನ್ಶಾ ಅಲ್ಲಾಹ್.