ಸೇತುವೆ ಹೊತ್ತ ಭಾರದ ಲೆಕ್ಕ ಎಲ್ಲಿದೆ?

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡಗಳ ನಡುವಣ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ಒಂದು ಲಾರಿ ನೀರುಪಾಲಾಯಿತು; ಚಾಲಕ ಬದುಕುಳಿದ. ಸೇತುವೆಗೆ ಆಗ ಸುಮಾರು ನಲವತ್ತು ವರ್ಷ. ಹಳೆಯದಾಗಿತ್ತು, ಬಿತ್ತು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಇಂದು ದೊಡ್ಡ ಸೇತುವೆಗಳನ್ನು ನೂರು ವರ್ಷ ಬಾಳಲೆಂದು ವಿನ್ಯಾಸಗೊಳಿಸಲಾಗುತ್ತದೆ. ನಲವತ್ತು ವೃದ್ಧಾಪ್ಯವೇನಲ್ಲ.

ಸೇತುವೆಯ ಆಯುಷ್ಯ ಕ್ಯಾಲೆಂಡರಿನಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಉಪ್ಪುಗಾಳಿ ಕಂಬಿಗೆ ತುಕ್ಕು ಹಿಡಿಸುತ್ತದೆ, ನೆರೆ ಕಂಬದ ಬುಡದ ಮಣ್ಣನ್ನು ಕೊರೆಯುತ್ತದೆ, ಹಾಯ್ದುಹೋಗುವ ಪ್ರತಿ ಭಾರವೂ ಕಾಣದಷ್ಟು ಸವೆತವನ್ನು ಉಳಿಸಿಹೋಗುತ್ತದೆ. ಈ ಸವೆತ ಭಾರದೊಂದಿಗೆ ಸಮನಾಗಿ ಏರುವುದಿಲ್ಲ. ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟು ಎಂಬುದನ್ನು ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಎಡೆಬಿಡದೆ ಓಡಿಸಿ ನಡೆಸಿದ ಪರೀಕ್ಷೆ ತೋರಿಸಿಕೊಟ್ಟಿತು. ಸೇತುವೆಯ ಉಕ್ಕಿನ ಬೆಸುಗೆಗಳ ದಣಿವು ಸುಮಾರು ಎಂಟು ಪಟ್ಟು. 2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಗಾಲಿಗಳ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಏರಿಕೆ ಶೇ. 13ರಷ್ಟೆಂದು ತೋರಿದರೂ ಅದೇ ಲೆಕ್ಕದಲ್ಲಿ ರಸ್ತೆಯ ಸವೆತ ಶೇ. 60ರಷ್ಟು ಹೆಚ್ಚುತ್ತದೆ.

ಇದನ್ನು ಮೊದಲೇ ಅರಿಯುವ ವಿದ್ಯೆ ಇಲ್ಲದಿಲ್ಲ. ಎಂಜಿನಿಯರರು ಸೇತುವೆಯ ಗಣಿತ ಮಾದರಿಯನ್ನು ಕಂಪ್ಯೂಟರಿನಲ್ಲಿ ರಚಿಸಿ, ಅದರ ಮೇಲೆ ಅಚ್ಚುಗಳ ಭಾರವನ್ನು ಹಾಯಿಸಿ, ಯಾವ ಭಾಗ ಎಷ್ಟು ಒತ್ತಡ ಉಣ್ಣುತ್ತದೆ ಎಂದು ಕಂಡುಕೊಳ್ಳುತ್ತಾರೆ. ನಿಜವಾದ ಸೇತುವೆಗೆ ಅಂಟಿಸಿದ ಮಾಪಕಗಳು ಹೇಳುವುದನ್ನು ಅದರೊಡನೆ ತಾಳೆ ನೋಡುತ್ತಾರೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ ನಾದ ಕೇಳುವಂತೆ, ಸೇತುವೆಯ ಕಂಪನವನ್ನೂ ಅಳೆಯಬಹುದು. ಬಿರುಕು ಬಿಟ್ಟು ಬಿಗಿ ಸಡಿಲಿದಾಗ ಕಂಪನದ ವೇಗ ಇಳಿಯುತ್ತದೆ.

ಆದರೆ ಮಾದರಿಗೆ ಉಣಿಸುವ ಭಾರ ಯಾವುದು? ಕಾಗದದ ಮೇಲಿನ ಭಾರವೋ, ನಿಜವಾಗಿ ಹಾಯ್ದ ಭಾರವೋ? ಸಂಡೂರು, ಹೊಸಪೇಟೆಗಳ ಅದಿರು ಹೊತ್ತ ಲಾರಿಗಳು ಯಲ್ಲಾಪುರ ದಾಟಿ ಅರಬೈಲು ಘಟ್ಟವಿಳಿದು ಬೇಲೆಕೇರಿ ಬಂದರಿಗೆ ಸಾಲುಗಟ್ಟಿದ ವರ್ಷಗಳನ್ನು ಮಲೆನಾಡು ಮರೆತಿಲ್ಲ. ಮಿತಿಮೀರಿದ ಭಾರ ಸಾಗಿಸಿದ್ದನ್ನು ಲೋಕಾಯುಕ್ತರ 2011ರ ವರದಿಯೇ ದಾಖಲಿಸಿದೆ. ಅದಿರಿನಿಂದ ಬೊಕ್ಕಸಕ್ಕಾದ ನಷ್ಟಕ್ಕೆ ಲೆಕ್ಕ ಕಟ್ಟಲಾಯಿತು. ದಾರಿಯ ಸೇತುವೆ, ಮೋರಿಗಳ ಆಯುಷ್ಯದಿಂದ ಕಳೆದುಹೋದದ್ದನ್ನು ಯಾವ ಬಾಬ್ತಿಗೆ ಬರೆಯಬೇಕು? ಆ ಲಾರಿಗಳನ್ನು ಬಿಟ್ಟು ಮಾಡಿದ ಮಾದರಿ ಎಷ್ಟೇ ಸೂಕ್ಷ್ಮವಾಗಿದ್ದರೂ ಸುಳ್ಳನ್ನೇ ಹೇಳುತ್ತದೆ.

2016ರಲ್ಲಿ ಆರಂಭವಾದ ಕೇಂದ್ರದ ಸೇತುವೆ ನಿರ್ವಹಣಾ ವ್ಯವಸ್ಥೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸೇತುವೆ, ಮೋರಿಗಳನ್ನು ಪಟ್ಟಿಮಾಡಿತು. ಅವೆಲ್ಲ ರಾಷ್ಟ್ರೀಯ ಹೆದ್ದಾರಿಯವು. ಹಳ್ಳದಾಚೆಯ ಊರಿಗೆ ಶಾಲೆಯ ಮಕ್ಕಳನ್ನೂ ಮರದ ಲಾರಿಯನ್ನೂ ಒಟ್ಟಿಗೆ ದಾಟಿಸುವ ಕಿರುಸೇತುವೆ ಆ ಪಟ್ಟಿಯಲ್ಲಿಲ್ಲ. ಅದರ ಬಳಿ ಇರುವುದು ತುಕ್ಕು ಹಿಡಿದ ‘ಭಾರಿ ವಾಹನ ನಿಷೇಧ’ ಫಲಕ, ಅದೂ ಇದ್ದರೆ.

ಮಳೆಗಾಲದ ಮೊದಲು ಹಾಗೂ ನಂತರ ಈ ಸೇತುವೆಗಳ ಬುಡ ಪರೀಕ್ಷೆಯಾಗಬೇಕು. ವರದಿ ಗ್ರಾಮಸಭೆಯ ಮುಂದೆ ಬರಬೇಕು. ಕೊನೆಯ ತಪಾಸಣೆ ಯಾವಾಗ ನಡೆಯಿತೆಂದು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಲು ಹತ್ತು ರೂಪಾಯಿ ಸಾಕು. ಎಂಜಿನಿಯರಿಂಗ್ ಓದುವ ಮಲೆನಾಡಿನ ವಿದ್ಯಾರ್ಥಿಗಳು ತಮ್ಮೂರಿನ ಸೇತುವೆಯ ಬಳಿ ಒಂದು ವಾರ ಕುಳಿತು, ದಾಟುವ ಲಾರಿಗಳನ್ನೂ ಅವುಗಳ ಅಚ್ಚುಗಳನ್ನೂ ಎಣಿಸಿ ಬರೆದಿಡಲಿ. ಹಲವು ಸೇತುವೆಗಳಿಗೆ ಅದೇ ಮೊದಲ ದಾಖಲೆಯಾದೀತು.