ತಂದೆತಾಯಿಗಳಿಗೆ ಹಳೆಯ ಕಾರು: ಬೆಲೆ ಇಳಿದರೂ ಖರ್ಚು ಇಳಿಯದು

ಊರಿನಲ್ಲಿರುವ ವೃದ್ಧ ತಂದೆತಾಯಿಗಳಿಗೆ ಒಳ್ಳೆಯದೊಂದು ಕಾರನ್ನು ಕೊಡಿಸಬೇಕೆಂಬ ಹಂಬಲ ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರಿಗಿದೆ. ಹೊಸದರ ಬೆಲೆ ಕೈಗೆಟುಕದಿದ್ದಾಗ ಐದಾರು ವರ್ಷ ಓಡಿದ ಐಷಾರಾಮಿ ಸೆಡಾನಿನತ್ತ ದೃಷ್ಟಿ ಹರಿಯುವುದು ಸಹಜ. ಆಸೆ ಸ್ತುತ್ಯವಾದುದೇ. ಆದರೆ ಆಯ್ಕೆಯನ್ನು ನಿರ್ಧರಿಸಬೇಕಾದುದು ಬಾನೆಟ್ಟಿನ ಮೇಲಿನ ಲಾಂಛನವಲ್ಲ, ಅದರಲ್ಲಿ ಕುಳಿತುಕೊಳ್ಳುವವರ ದೇಹ ಮತ್ತು ಅವರು ವಾಸಿಸುವ ಊರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಲೆಕ್ಕವನ್ನು ನೋಡೋಣ. ವಿಮೆಯ ಸವಕಳಿ ಕೋಷ್ಟಕದಂತೆ ನಾಲ್ಕು ವರ್ಷ ದಾಟಿದ ಕಾರಿನ ಮೌಲ್ಯದಲ್ಲಿ ಶೇಕಡಾ ೫೦ರಷ್ಟನ್ನು ಕಳೆಯಲಾಗುತ್ತದೆ. ಆದರೆ ಬಿಡಿಭಾಗಗಳ ಬೆಲೆಗೆ ಸವಕಳಿಯೆಂಬುದಿಲ್ಲ. ಅರ್ಧ ಬೆಲೆಗೆ ಕೊಂಡ ಕಾರಿನ ಗೇರ್‌ಬಾಕ್ಸಿಗೂ ಹೆಡ್‌ಲೈಟಿಗೂ ಪೂರ್ಣ ಬೆಲೆಯನ್ನೇ ತೆರಬೇಕು. ಸಾಧಾರಣ ಪಾಲಿಸಿಯು ರಬ್ಬರ್, ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಅರ್ಧವನ್ನು ಮಾತ್ರ ಭರಿಸುತ್ತದೆ. ಇದರ ಮೇಲೆ, ಜರ್ಮನ್ ಐಷಾರಾಮಿ ಕಾರುಗಳ ಅಧಿಕೃತ ಕಾರ್ಯಾಗಾರಗಳು ಬಹುಮಟ್ಟಿಗೆ ದೊಡ್ಡ ನಗರಗಳಲ್ಲಿವೆ. ದುರಸ್ತಿಯ ಬಿಲ್ಲಿಗೆ ಹೆದರಿ ಶೆಡ್ಡಿನಲ್ಲಿ ಮುಚ್ಚಿಟ್ಟ ಕಾರು ಆಸ್ಪತ್ರೆಗೆ ಹೋಗಬೇಕಾದ ರಾತ್ರಿ ಚಲಿಸುವುದಿಲ್ಲ. ಆದುದರಿಂದ, ನಮ್ಮ ಬಿಡದಿಯಲ್ಲಿಯೇ ೨೦೧೩ರಿಂದ ಜೋಡಣೆಗೊಂಡು ಬರುತ್ತಿರುವ ಟೊಯೊಟಾ ಕ್ಯಾಮ್ರಿ ಹೈಬ್ರಿಡ್‌ನಂತಹ ಕಾರು, ಆಡಂಬರ ಕಡಿಮೆಯಾದರೂ ಹೆಚ್ಚು ವಿವೇಕದ ಆಯ್ಕೆಯೆಂದು ನಾನು ಭಾವಿಸುತ್ತೇನೆ. ಅದರಲ್ಲಿಯೂ ಹೈಬ್ರಿಡ್ ಬ್ಯಾಟರಿಯ ಪರೀಕ್ಷೆ ಮತ್ತು ಅವಿಚ್ಛಿನ್ನವಾದ ಸರ್ವಿಸ್ ದಾಖಲೆ ಇಲ್ಲದೆ ಮುಂಗಡ ಕೊಡಲಾಗದು. ಟೈರಿನ ಮೇಲಿನ ನಾಲ್ಕಂಕಿಯನ್ನೂ ಗಮನಿಸಿರಿ: ೨೩೧೯ ಎಂದರೆ ೨೦೧೯ರ ೨೩ನೆಯ ವಾರದಲ್ಲಿ ತಯಾರಾದುದು.

ಇನ್ನು ಆರೋಗ್ಯದ ಮಾತು. ಕುಳಿತಾಗ ಸೊಂಟವು ಮೊಣಕಾಲಿಗಿಂತ ಕೆಳಗಿಳಿದರೆ, ಏಳುವಾಗ ಸವೆದ ಕೀಲುಗಳು ದೇಹದ ಭಾರವನ್ನು ಬಹಳ ಶ್ರಮಪಟ್ಟು ಎತ್ತಬೇಕಾಗುತ್ತದೆ. ಕಾರು ಎಷ್ಟು ತಗ್ಗೋ ಅಷ್ಟು ಕಷ್ಟ. ಅದಕ್ಕೆಂದು ತೀರ ಎತ್ತರದ ವಾಹನವನ್ನು ಕೊಂಡರೆ ಹತ್ತುವುದೇ ಪ್ರಯಾಸ. ಆದ್ದರಿಂದ ತಂದೆತಾಯಿಗಳನ್ನು ಜೊತೆಗೆ ಕರೆದೊಯ್ದು, ಮುಂದಿನ ಆಸನದಲ್ಲಿಯೂ ಹಿಂದಿನ ಆಸನದಲ್ಲಿಯೂ ಮೂರು ಸಲ ಹತ್ತಿಳಿಯುವಂತೆ ಕೇಳಿಕೊಳ್ಳಬೇಕು. ಯಾವ ಜಾಹೀರಾತಿಗಿಂತಲೂ ಈ ಪರೀಕ್ಷೆ ಹೆಚ್ಚು ಸತ್ಯವನ್ನು ಹೇಳುತ್ತದೆ.

ಬ್ಯಾಂಕಿನವನಾಗಿ ಕಾಗದಪತ್ರಗಳ ಬಗೆಗೂ ಎರಡು ಮಾತು ಹೇಳಬೇಕು. ಮಾರುವವನು ಸಾಲ ತೀರಿಸಿದ್ದರೆ ಸಾಲದು. ನೋಂದಣಿ ಪತ್ರದಿಂದ ಬ್ಯಾಂಕಿನ ಹೆಸರು ತೆಗೆಯಿಸಲು ೩೫ನೆಯ ನಮೂನೆ ಬೇಕು. ಮಹಾರಾಷ್ಟ್ರದ ಕಾರನ್ನು ಕರ್ನಾಟಕಕ್ಕೆ ಒಯ್ಯುವುದಾದರೆ ೨೮ನೆಯ ನಮೂನೆಯ ನಿರಾಕ್ಷೇಪಣಾ ಪತ್ರ ಪಡೆಯಬೇಕು. ೧೨ ತಿಂಗಳು ಮೀರಿ ಅಲ್ಲಿಯೇ ಇರಿಸಿದರೆ, ೧೯೮೮ರ ಮೋಟಾರು ವಾಹನ ಕಾಯಿದೆಯಂತೆ ಹೊಸ ನೋಂದಣಿ ಅಗತ್ಯ. ಅಲ್ಲಿನ ತೆರಿಗೆಯೂ ಬೀಳುತ್ತದೆ. ಇದನ್ನು ಕಾರಿನ ಬೆಲೆಗೆ ಮೊದಲೇ ಕೂಡಿಸಿಕೊಳ್ಳತಕ್ಕದ್ದು. ವಿಮೆಯ ವರ್ಗಾವಣೆಗೆ ೧೪ ದಿನಗಳೊಳಗಾಗಿ ಅರ್ಜಿ ಸಲ್ಲಿಸಬೇಕು.

ಕಾರು ಕೊಳ್ಳುವ ಹಣ ಮಕ್ಕಳದು. ಅನಂತರದ ಖರ್ಚು ಎಷ್ಟೋ ಮನೆಗಳಲ್ಲಿ ಹಿರಿಯರ ಪಿಂಚಣಿಯ ಮೇಲೆ ಬೀಳುತ್ತದೆ. ಸಂಕೋಚದಿಂದ ಅವರು ಬಾಯಿಬಿಡುವುದಿಲ್ಲ. ಆದುದರಿಂದ ಕಾರಿನ ಜೊತೆಗೆ ಮೂರು ವರ್ಷಗಳ ದುರಸ್ತಿ ಮತ್ತು ವಿಮೆಯ ಹಣವನ್ನೂ ಅವರ ಹೆಸರಿನಲ್ಲಿ ಠೇವಣಿಯಿಡಲು ಶಕ್ತರಾದವರು ಮಾತ್ರ ದೊಡ್ಡ ಕಾರನ್ನು ಕೊಡಿಸಲಿ. ಇಲ್ಲದವರು ಚಿಕ್ಕದನ್ನು ಕೊಡಿಸಲಿ. ಮಗನ ಪ್ರತಿಷ್ಠೆಗೆ ತಂದೆಯ ಪಿಂಚಣಿ ಸವೆಯಬಾರದು.