ನೋಡಿ ಬರುವುದೂ ಇದ್ದು ನೋಡುವುದೂ

(ಅಂತಿಮ ಬಿ.ಎ. ತರಗತಿ)

ಎತ್ತು ಕೊಳ್ಳುವ ರೈತನಿಗಿರುವ ಎಚ್ಚರ ಊರು ಬಿಡುವ ವಿದ್ಯಾವಂತನಿಗೆ ಇರುವುದಿಲ್ಲವೆಂದು ನನಗೆ ಅನೇಕ ವೇಳೆ ಅನ್ನಿಸಿದೆ. ನಮ್ಮ ಕಡೂರು ಸೀಮೆಯ ರೈತನು ಜಾತ್ರೆಯಲ್ಲಿ ಒಂದು ಜೋಡಿ ಎತ್ತು ಕೊಳ್ಳಬೇಕಾದರೆ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಅಷ್ಟಕ್ಕೂ ತೃಪ್ತನಾಗದೆ ನೊಗಕ್ಕೆ ಹೂಡಿ ನಾಲ್ಕು ಹೆಜ್ಜೆ ಎಳೆಸಿ ನೋಡಿದ ಮೇಲೆಯೇ ಹಣದ ಗಂಟು ಬಿಚ್ಚುತ್ತಾನೆ. ಅಜ್ಜಂಪುರದ ಅಮೃತಮಹಲ್ ತಳಿಯೆಂದು ಆಣೆಯಿಟ್ಟು ಹೇಳಿದರೂ ಈ ಪರೀಕ್ಷೆಯನ್ನು ಬಿಡತಕ್ಕವನಲ್ಲ. ಆದರೆ ಅರವತ್ತು ವರ್ಷ ಬಾಳಿದ ಊರನ್ನು ಬಿಟ್ಟು ಕಡಲಾಚೆಯ ಮಗನ ಮನೆಯಲ್ಲಿ ಉಳಿದ ಆಯುಷ್ಯ ಕಳೆಯಲು ಹೊರಡುವ ನಮ್ಮ ಹಿರಿಯರು ಒಂದು ಬೇಸಿಗೆಯ ಪ್ರವಾಸ, ಮೊಬೈಲಿನಲ್ಲಿ ಹತ್ತಾರು ಚಿತ್ರಗಳು, ಮಗನ ಒತ್ತಾಯ ಇಷ್ಟರಿಂದಲೇ ಮನಸ್ಸು ಗಟ್ಟಿಮಾಡಿಕೊಂಡು ತೋಟಕ್ಕೆ ಗಿರಾಕಿ ಹುಡುಕಲಾರಂಭಿಸುತ್ತಾರೆ.

ಇಪ್ಪತ್ತು ವರ್ಷದ ವಿದ್ಯಾರ್ಥಿಯೊಬ್ಬನು ನಿವೃತ್ತಿಯ ವಿಷಯವಾಗಿ ಬರೆಯುವುದು ಅಧಿಕಪ್ರಸಂಗವೆಂದು ಗುರುಗಳಲ್ಲಿ ಕೆಲವರಿಗಾದರೂ ತೋರಬಹುದು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ವಿಮಾನದ ಮೆಟ್ಟಿಲನ್ನಂತೂ ಇದುವರೆಗೆ ಯಾರೂ ಹತ್ತಿಲ್ಲ. ಆದರೂ ಈ ವಿಷಯ ನನಗೆ ದೂರದ್ದಲ್ಲ. ಕಡೂರಿನ ಬಳಿ ನಿವೃತ್ತ ಹೆಡ್‌ಮಾಸ್ತರೊಬ್ಬರ ತೆಂಗಿನ ತೋಟವನ್ನು ನಮ್ಮ ತಂದೆಯವರು ನೋಡಿಕೊಳ್ಳುತ್ತಾರೆ. ಮೇಷ್ಟ್ರು ಮತ್ತು ಅಮ್ಮಾವ್ರು ಅಮೆರಿಕಕ್ಕೆ ಹೋದಾಗಲೆಲ್ಲ ಮನೆಯ ಬೀಗದಕೈ ನಮ್ಮ ಮನೆಯ ಗೂಡಿನಲ್ಲಿರುತ್ತದೆ. ನನ್ನ ಫೀಸು, ಪುಸ್ತಕ, ಬಸ್ ಪಾಸು ಎಲ್ಲವೂ ಬಂದದ್ದು ಆ ತೋಟದ ಸಂಬಳದಿಂದ ಮತ್ತು ಕಾಯಿಯ ಪಾಲಿನಿಂದ. ತೋಟ ಮಾರಾಟವಾದರೆ ಕೊಂಡವರು ನಿವೇಶನ ಮಾಡುತ್ತಾರೆಯೇ ಹೊರತು ನಮ್ಮ ತಂದೆಯವರನ್ನು ಉಳಿಸಿಕೊಳ್ಳುವುದಿಲ್ಲ. ಆದಕಾರಣ ಈ ಲೇಖನದಲ್ಲಿ ನನ್ನ ಸ್ವಾರ್ಥವೂ ಸೇರಿದೆಯೆಂದು ಮೊದಲೇ ತಿಳಿಸಿಬಿಡುತ್ತೇನೆ. ಸ್ವಾರ್ಥಿಯ ಮಾತೆಲ್ಲ ಸುಳ್ಳಾಗಿರಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಈಗ ಪ್ರಕೃತಕ್ಕೆ ಬರೋಣ. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರ ಇವುಗಳಲ್ಲಿ ಯಾವ ಊರಿಗೆ ಹೋದರೂ, ಮಗನೋ ಮಗಳೋ ಪರದೇಶದಲ್ಲಿರುವ ಮನೆಗಳು ಕಾಣಸಿಗುತ್ತವೆ. ಅಮೆರಿಕಕ್ಕೆ ಪ್ರವಾಸಿಗಳಾಗಿ ಹೋದ ತಂದೆತಾಯಿಗಳಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳ ವಾಸಕ್ಕೆ ಅನುಮತಿ ದೊರೆಯುತ್ತದೆ. ಮಗನು ಅಲ್ಲಿಯ ಪ್ರಜೆಯಾಗಿ ಇಪ್ಪತ್ತೊಂದು ವರ್ಷ ತುಂಬಿದವನಾಗಿದ್ದರೆ ತಂದೆತಾಯಿಗಳನ್ನು ಕಾಯಂ ವಾಸಕ್ಕೇ ಕರೆಸಿಕೊಳ್ಳಬಹುದು. ಈ ಬಗೆಗೆ ವರ್ಷಕ್ಕಿಷ್ಟೇ ಜನವೆಂಬ ಮಿತಿಯೂ ಇಲ್ಲ. ಇಂಗ್ಲೆಂಡು ಹಾಗಲ್ಲ. 2012ರ ಜುಲೈಯಿಂದ ಅಲ್ಲಿ, ದಿನನಿತ್ಯದ ಆರೈಕೆಗೆ ಇನ್ನೊಬ್ಬರನ್ನು ಅವಲಂಬಿಸಿದ, ಸ್ವದೇಶದಲ್ಲಿ ಆ ಆರೈಕೆ ಸಿಕ್ಕದೆಂದು ತೋರಿಸಬಲ್ಲ ವೃದ್ಧರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಎಂದರೆ ಕೈಕಾಲು ಗಟ್ಟಿಯಿದ್ದವರು ಹೋಗುವಂತಿಲ್ಲ, ಕೈಕಾಲು ಬಿದ್ದವರು ಹೋಗಲಾರರು! ಕೆನಡಾ ದೇಶವು 2011ರ ಡಿಸೆಂಬರಿನಲ್ಲಿ ತಂದೆತಾಯಿಗಳಿಗಾಗಿಯೇ ಒಂದು ದೀರ್ಘ ವೀಸಾ ಏರ್ಪಡಿಸಿತು. 2022ರಿಂದ ಅದರಲ್ಲಿ ಒಂದೇ ಸಲಕ್ಕೆ ಐದು ವರ್ಷದವರೆಗೆ ಇರಬಹುದು, ವೈದ್ಯಕೀಯ ವಿಮೆ ಮಾತ್ರ ಕಡ್ಡಾಯ. ಬಾಗಿಲು ಅಷ್ಟು ಸುಲಭವಾಗಿ ತೆರೆಯುವುದರಿಂದಲೇ ಅಮೆರಿಕದ ವಿಷಯದಲ್ಲಿ ಅವಸರ ಹೆಚ್ಚು.

ಆರು ತಿಂಗಳು ಇದ್ದು ಬಂದಮೇಲೆ ನೋಡಿದಂತಾಯಿತಲ್ಲ, ಇನ್ನೇನು ಪರೀಕ್ಷೆ ಬೇಕು ಎಂದು ನೀವು ಕೇಳಬಹುದು. ಆ ಆರು ತಿಂಗಳು ಯಾವುವು ಎಂಬುದನ್ನು ವಿಚಾರಿಸಬೇಕು. ಇಲ್ಲಿ ಬಿಸಿಲೇರಿ ಬೋರ್‌ವೆಲ್ಲುಗಳು ಬತ್ತತೊಡಗುವ ಏಪ್ರಿಲ್‌ನಲ್ಲಿ ನಮ್ಮವರು ಹೊರಡುತ್ತಾರೆ. ನವರಾತ್ರಿಯ ಹೊತ್ತಿಗೆ ಹಿಂತಿರುಗುತ್ತಾರೆ. ಅಲ್ಲಿ ಅದು ಹೂವು ಹಣ್ಣುಗಳ ಕಾಲ. ಸಂಜೆ ಎಂಟಾದರೂ ಬೆಳಕು. ಮಗನು ರಜೆ ಹಾಕಿ ನಯಾಗರಾ ತೋರಿಸುತ್ತಾನೆ. 1976ರಲ್ಲಿ ಪ್ರತಿಷ್ಠೆಯಾದ ಪಿಟ್ಸ್‌ಬರ್ಗಿನ ವೆಂಕಟೇಶ್ವರನ ದರ್ಶನ ಮಾಡಿಸುತ್ತಾನೆ. ಕನ್ನಡ ಕೂಟಗಳ ವನಭೋಜನವೂ ಅದೇ ಋತುವಿನಲ್ಲಿ. ಆ ಕೂಟಗಳೆಲ್ಲ ಸೇರಿ 1998ರಲ್ಲಿ ಕಟ್ಟಿಕೊಂಡ ‘ಅಕ್ಕ’ ಸಂಸ್ಥೆಯ ಸಮ್ಮೇಳನವೂ ಬೇಸಿಗೆ ಮುಗಿಯುವ ಹೊತ್ತಿಗೇ ನಡೆಯುವುದು ವಾಡಿಕೆ. ಸಾವಿರಾರು ಕನ್ನಡಿಗರನ್ನು ಒಂದೆಡೆ ಕಂಡ ಮುದುಕರಿಗೆ ಕಣ್ಣು ತುಂಬಿಬರುವುದು ಸಹಜ. ಆದರೆ ಇದು ಮದುವೆ ಮನೆಯನ್ನು ನೋಡಿ ಸಂಸಾರವನ್ನು ಅಳೆದಂತೆ. ಷಿಕಾಗೋ ನಗರದಲ್ಲಿ ಡಿಸೆಂಬರಿನ ಸೂರ್ಯನು ಸಂಜೆ ನಾಲ್ಕೂವರೆಗೆ ಮುಂಚೆಯೇ ಮುಳುಗಿಹೋಗುತ್ತಾನೆ. ಹೊರಗೆ ಹಿಮ. ಕಾರು ನಡೆಸಲು ಬಾರದವನಿಗೆ ಅಂಗಡಿಯೂ ಇಲ್ಲ, ಗುಡಿಯೂ ಇಲ್ಲ. ಮಗ ಸೊಸೆ ಕೆಲಸಕ್ಕೆ, ಮಕ್ಕಳು ಶಾಲೆಗೆ. ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗಿನ ಆ ಹತ್ತು ಗಂಟೆಗಳಿವೆಯಲ್ಲ, ಅವನ್ನು ಒಂದಾದರೂ ಚಳಿಗಾಲದಲ್ಲಿ ಕಳೆಯದವನು ಆ ದೇಶವನ್ನು ನೋಡಿ ಬಂದಿದ್ದಾನೆಯೇ ಹೊರತು ಅಲ್ಲಿ ಇದ್ದು ನೋಡಿಲ್ಲ.

ಹೆಂಗಸರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಗಂಡಸು ಅಲ್ಲಿ ಅತಿಥಿಯಾಗಿ ಹೋಗುತ್ತಾನೆ. ಹೆಂಗಸು ಬಹುಮಟ್ಟಿಗೆ ಬಾಣಂತನಕ್ಕೆ ಹೋಗುತ್ತಾಳೆ. ಎಣ್ಣೆ ನೀರು, ಖಾರ, ಮಗುವಿನ ಅಳು, ರಾತ್ರಿಯ ಜಾಗರಣೆ ಇವುಗಳಲ್ಲಿ ಆರು ತಿಂಗಳು ಉರುಳಿಹೋಗುತ್ತವೆ. ತಾನು ಬೇಕಾದವಳು ಎಂಬ ತೃಪ್ತಿಯೂ ಇರುತ್ತದೆ, ಇಲ್ಲವೆನ್ನಲಾಗದು. ಆದರೆ ಮಗು ಶಾಲೆಗೆ ಹೋಗತೊಡಗಿದ ಮೇಲೆ ಅದೇ ಮನೆಯಲ್ಲಿ ಅವಳ ಸ್ಥಾನವೇನು ಎಂಬುದು ಆ ಆರು ತಿಂಗಳಲ್ಲಿ ತಿಳಿಯುವುದಿಲ್ಲ. ನಮ್ಮ ಅಮ್ಮಾವ್ರು ಎರಡನೆಯ ಸಲ ಹೋಗಿಬಂದಾಗ, ಹಿತ್ತಲಿನಲ್ಲಿ ಕುಳಿತು ನನ್ನ ತಾಯಿಯ ಹತ್ತಿರ, “ಅಲ್ಲಿ ಎಲ್ಲಾ ಇದೆ ಕಣೇ, ಕೂಗಿದರೆ ‘ಓ’ ಅನ್ನೋರು ಮಾತ್ರ ಇಲ್ಲ” ಎಂದರು. ಈ ಮಾತನ್ನು ಅವರು ಮೇಷ್ಟ್ರ ಮುಂದೆ ಆಡಿರಲಿಲ್ಲ. ಮೇಷ್ಟ್ರು ಕೇಳಿಯೂ ಇರಲಿಲ್ಲ. ‘ನಾವು ತೀರ್ಮಾನ ಮಾಡಿದ್ದೇವೆ’ ಎಂದು ಯಜಮಾನರು ಹೇಳುವಾಗ ಆ ‘ನಾವು’ ಎಂಬುದರಲ್ಲಿ ಎಷ್ಟು ಜನರಿದ್ದಾರೆಂದು ಮಕ್ಕಳಾದವರು ವಿಚಾರಿಸುವುದು ಮೇಲು.

ಕನ್ನಡದ ಇಬ್ಬರು ದೊಡ್ಡ ಲೇಖಕರು ಇಳಿವಯಸ್ಸಿನಲ್ಲಿ ಅಮೆರಿಕಕ್ಕೆ ಹೋಗಿಬಂದು ಪುಸ್ತಕ ಬರೆದಿದ್ದಾರೆ. ಕನ್ನಡ ಐಚ್ಛಿಕದವರಿಗೆ ಇದು ತಿಳಿದದ್ದೇ. ಎ. ಎನ್. ಮೂರ್ತಿರಾಯರು ತಮ್ಮದಕ್ಕೆ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದು ಹೆಸರಿಟ್ಟರು. ಯಾತ್ರೆ ಎಂದರು, ವಾಸ ಎನ್ನಲಿಲ್ಲ. ಹಿಂತಿರುಗಿ ಬಂದು ನೂರು ದಾಟಿ ಬಾಳಿದರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹೆಸರಿನಲ್ಲಿಯೇ ತಮ್ಮ ಹಳ್ಳಿಯನ್ನು ಹೊತ್ತುಕೊಂಡು ಹೋದವರು ಅವರು. ಆ ಹೊರೆ ನಮ್ಮ ಹಿರಿಯರಿಗೂ ಇದೆ. ಅದನ್ನು ವಿಮಾನದ ತೂಕಕ್ಕೆ ಹಾಕುವುದಿಲ್ಲ, ಅಷ್ಟೆ.

ತರೀಕೆರೆ ಕಡೆಯ ದಂಪತಿಗಳೊಬ್ಬರು ಹೀಗೆ ಒಂದೇ ಬೇಸಿಗೆ ನೋಡಿ ಬಂದು ಅಡಿಕೆ ತೋಟವನ್ನೂ ಮನೆಯನ್ನೂ ಮಾರಿ ಕಾಯಂ ವಾಸಕ್ಕೆ ಹೋದರು. ಹೋದಮೇಲೆ ತಿಳಿದದ್ದು: ಅರವತ್ತೈದು ದಾಟಿದವರಿಗೆ ಅಲ್ಲಿಯ ಸರಕಾರ ಕೊಡುವ ವೈದ್ಯಕೀಯ ವಿಮೆಯನ್ನು ಹೊಸದಾಗಿ ಬಂದವರು ಹಣ ಕಟ್ಟಿ ಪಡೆಯಬೇಕಾದರೂ ಐದು ವರ್ಷ ಬಿಡದೆ ಅಲ್ಲಿ ವಾಸಿಸಿರಬೇಕು. ಅಲ್ಲಿಯವರೆಗೆ ಖಾಸಗಿ ವಿಮೆ. ಅದರ ಕಂತು ಮಗನ ಕೈಯಿಂದ. ಸಕ್ಕರೆ ಕಾಯಿಲೆಯ ಮಾತ್ರೆಗೂ ಮಗನ ಮುಖ ನೋಡಬೇಕಾದಾಗ, ಊರಿನಲ್ಲಿ ಹತ್ತು ಜನಕ್ಕೆ ಕೂಲಿ ಕೊಟ್ಟ ಮನುಷ್ಯನಿಗೆ ಅನ್ನ ಸೇರಲಿಲ್ಲ. ಮಗ ಕೆಟ್ಟವನಲ್ಲ, ಒಳ್ಳೆಯವನೆಂದೇ ಎಲ್ಲರೂ ಹೇಳುತ್ತಾರೆ. ನಡುವೆ ಊರಿಗೆ ಬಂದು ವರ್ಷಗಟ್ಟಲೆ ಇದ್ದು ಹೋಗೋಣವೆಂದರೆ ಅದಕ್ಕೂ ತೊಡಕು: ಮೊದಲೇ ಅಪ್ಪಣೆಚೀಟಿ ಪಡೆಯದೆ ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದರೆ ಕಾಯಂ ವಾಸದ ಹಕ್ಕನ್ನೇ ಬಿಟ್ಟುಕೊಟ್ಟಂತೆ ಎಣಿಸುತ್ತಾರೆ. ಅಂತೂ ಮೂರನೆಯ ವರ್ಷ ಹಿಂತಿರುಗಿದರು. ತೋಟ ಮಾರಿದ ಹಣಕ್ಕೆ ಈಗ ಅದರ ಅರ್ಧವೂ ಬರುವುದಿಲ್ಲ. ಶಿವಮೊಗ್ಗದಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ.

ಅವರು ಅಲ್ಲಿಯ ಪ್ರಜೆಗಳಾಗಿರಲಿಲ್ಲ. ಆಗಿದ್ದರೆ ಇನ್ನೊಂದು ಬಾಗಿಲೂ ಮುಚ್ಚುತ್ತಿತ್ತು. ನಮ್ಮ ದೇಶವು ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಪರದೇಶದ ಪ್ರಜೆಯಾದವನಿಗೆ ‘ಸಾಗರೋತ್ತರ ಭಾರತೀಯ’ನೆಂಬ ಚೀಟಿ ಕೊಡುತ್ತಾರೆ; ಅದನ್ನು ಹಿಡಿದು ಬಂದು ಇರಬಹುದು, ಮನೆ ಕೊಳ್ಳಬಹುದು; ಆದರೆ ಕೃಷಿಭೂಮಿಯನ್ನಾಗಲಿ ಪ್ಲಾಂಟೇಷನ್ನನ್ನಾಗಲಿ ಕ್ರಯಕ್ಕೆ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಬೆಂಗಳೂರಿನವರಿಗೆ ಈ ನಿಯಮ ಅಷ್ಟಾಗಿ ತಟ್ಟದು. ತೆಂಗು, ಅಡಿಕೆ, ಈರುಳ್ಳಿ ಹೊಲಗಳ ನಮ್ಮ ಮೂರು ತಾಲ್ಲೂಕುಗಳವರಿಗೆ ಇದಕ್ಕಿಂತ ಮುಖ್ಯವಾದ ನಿಯಮ ಮತ್ತೊಂದಿಲ್ಲ. ಮಾರಿದ ತೋಟ ಅವರ ಪಾಲಿಗೆ ಮಾರಿದ್ದೇ.

ಹಾಗಾದರೆ ಯಾರೂ ಹೋಗಲೇಬಾರದೆಂದು ನನ್ನ ತಾತ್ಪರ್ಯವಲ್ಲ. ಅಜ್ಜಂಪುರದ ವಿಧವೆಯೊಬ್ಬರು ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಮಗಳ ಬಳಿ ಸುಖವಾಗಿದ್ದಾರೆ. ಆ ದೇಶದಲ್ಲಿ ತಂದೆತಾಯಿಗಳ ಕಾಯಂ ವಾಸದ ಸಾಲು ದಶಕಗಟ್ಟಲೆ ಉದ್ದ. ಬೇಗ ಬೇಕೆಂದರೆ ಬಹಳ ಹಣ ಕಟ್ಟಬೇಕು. ಆದರೆ 2019ರಿಂದ ಮೂರು ಅಥವಾ ಐದು ವರ್ಷದ ತಾತ್ಕಾಲಿಕ ವೀಸಾ ಒಂದು ಬಂದಿದೆ. ಈಕೆ ಮೊದಲು ಎರಡು ಸಲ ಪ್ರವಾಸಿಯಾಗಿ, ಒಮ್ಮೆ ಬೇಸಿಗೆಯಲ್ಲಿ ಒಮ್ಮೆ ಚಳಿಯಲ್ಲಿ, ಹೋಗಿದ್ದು ನೋಡಿ, ಆಮೇಲೆ ಆ ವೀಸಾದ ಮೇಲೆ ಹೋದರು. ಅಲ್ಲಿ ಟ್ರಾಮು ಇದೆ. ತಾವೇ ಹತ್ತಿ ಇಳಿಯುವುದನ್ನು ಕಲಿತರು. ಹೊಲವನ್ನು ಗುತ್ತಿಗೆಗೆ ಕೊಟ್ಟಿದ್ದಾರೆ, ಮಾರಿಲ್ಲ. ಏಳನೆಯ ತರಗತಿ ಓದಿದ ಈ ಹೆಂಗಸಿಗೆ ಹೊಳೆದ ಕ್ರಮ ಪದವೀಧರರಿಗೆ ಹೊಳೆಯದೆ ಹೋಗುವುದು ಏಕೋ ತಿಳಿಯದು.

ನನ್ನ ಅಭಿಪ್ರಾಯವೂ ಹೆಚ್ಚುಕಡಿಮೆ ಆಕೆಯ ಕ್ರಮವೇ. ಒಂದು ಸಲ ಅಕ್ಟೋಬರಿನಲ್ಲಿ ಹೋಗಿ ಮಾರ್ಚಿನವರೆಗೆ ಇರಲಿ. ನಯಾಗರಾ ಬೇಡ. ಮಗನು ರಜೆ ಹಾಕುವುದೂ ಬೇಡ. ಅವನ ನಿತ್ಯದ ಬದುಕು ಹೇಗಿದೆಯೋ ಹಾಗೆಯೇ ನಡೆಯಲಿ. ಕಾಲುನಡಿಗೆಯಲ್ಲಿ ಏನೇನು ಸಿಕ್ಕುತ್ತದೆಂದು ತಂದೆ ನೋಡಲಿ. ಒಂದು ತಿಂಗಳಾದರೂ ತಮ್ಮ ಪಿಂಚಣಿಯನ್ನು ಡಾಲರಿಗೆ ತಿರುಗಿಸಿ ಅದರಲ್ಲೇ ಕೈಖರ್ಚು ನಡೆಸಿ ನೋಡಲಿ. ಲೆಕ್ಕ ಬೇಗ ಅರ್ಥವಾಗುತ್ತದೆ. (ಎಲ್ಲಿದ್ದರೂ ಪಿಂಚಣಿದಾರನು ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಪ್ರಮಾಣಪತ್ರ ಕೊಡಲೇಬೇಕು.) ಪ್ರವಾಸಿಗಳ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗಳನ್ನು ಸಾಮಾನ್ಯವಾಗಿ ಬಿಟ್ಟಿರುತ್ತಾರೆ, ಆ ಕಾಗದವನ್ನು ಹೊರಡುವ ಮುನ್ನವೇ ಓದಿಕೊಳ್ಳಲಿ. ಹಿಂತಿರುಗಿದಮೇಲೆ ತಾಯಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಮಗಳೋ ತಂಗಿಯೋ ಕೇಳಲಿ.

ಇದಕ್ಕೆ ಬಲವಾದ ಆಕ್ಷೇಪಣೆಯೊಂದಿದೆ; ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರೇ ಅದನ್ನು ನನಗೆ ಹಾಕಿದರು. ‘ಇಲ್ಲಿ ಉಳಿದರೆ ಎಂಬತ್ತನೆಯ ವಯಸ್ಸಿನಲ್ಲಿ ನೋಡುವವರು ಯಾರು?’ ಎಂದರು. ನಿಜ. ಎದೆನೋವೆಂದರೆ ಕಡೂರಿನಿಂದ ಶಿವಮೊಗ್ಗಕ್ಕೋ ಹಾಸನಕ್ಕೋ ಬೆಂಗಳೂರಿಗೋ ಓಡಬೇಕು. ಮಗ ಬರುವುದರೊಳಗೆ ಎರಡು ದಿನವಾಗುತ್ತದೆ. ನಮ್ಮ ತಂದೆಯವರು ಆಸ್ಪತ್ರೆಗೆ ಸೇರಿಸಬಲ್ಲರು, ಸಹಿ ಹಾಕಲಾರರು. ಈ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಕೊನೆಗೆ ಹೋಗಲೇಬೇಕಾಗಬಹುದು. ಹೋಗುವುದಾದರೆ ತಿಳಿದು ಹೋಗಲಿ, ಬರುವ ದಾರಿ ಇಟ್ಟುಕೊಂಡು ಹೋಗಲಿ ಎಂಬುದಷ್ಟೇ ನನ್ನ ವಾದ. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳವರನ್ನು 2001-02ರ ಸುಮಾರಿಗೆ ತರೀಕೆರೆ ತಾಲ್ಲೂಕಿನ ಎಂ. ಸಿ. ಹಳ್ಳಿಗೆ ತಂದು ನೆಲೆಗೊಳಿಸಿದರು. ಭೂಮಿ ಸಿಕ್ಕಿತು, ನೀರು ಸಿಕ್ಕಿತು, ಮಕ್ಕಳು ಓದಿದರು. ಆದರೆ ಮನಸ್ಸಿಗೆ ಹಿಡಿಸದಿದ್ದರೆ ಹಳೆಯ ಊರಿಗೆ ಮರಳುವ ಮಾತಿರಲಿಲ್ಲ. ಮರಳುವ ಅವಕಾಶ ಕೈಯಲ್ಲಿರುವವರು ಅದನ್ನು ತಾವಾಗಿಯೇ ಕ್ರಯಪತ್ರ ಬರೆದು ಕೊಡುವುದೇಕೆ?

ಸಹಪಾಠಿಗಳು ಇದನ್ನು ಮುದುಕರ ಪುರಾಣವೆಂದು ಬದಿಗಿಡಬಾರದು. ಈ ತರಗತಿಯಿಂದ ಹೊರಟವರಲ್ಲಿ ಕೆಲವರಾದರೂ ಬೆಂಗಳೂರು ದಾಟಿ ಮುಂದೆ ಹೋಗುವವರೇ. ಇನ್ನು ಇಪ್ಪತ್ತೈದು ವರ್ಷಕ್ಕೆ ‘ಅಪ್ಪಾ, ಎಲ್ಲಾ ಮಾರಿ ಬಂದುಬಿಡಿ’ ಎಂದು ಫೋನು ಮಾಡತಕ್ಕವರು ನಾವೇ.

ಮೇಷ್ಟ್ರಿಗೆ ನಾನು ಇಷ್ಟನ್ನೂ ಒಂದು ದಿನ ಹೇಳಿದೆ. “ಏನಯ್ಯಾ, ನನಗೇ ಪಾಠ ಹೇಳ್ತೀಯಾ?” ಎಂದು ನಕ್ಕರು. ಆದರೆ ತೋಟ ನೋಡಲು ಬರಬೇಕಾಗಿದ್ದ ಬೀರೂರಿನ ಗಿರಾಕಿಗೆ ಸದ್ಯಕ್ಕೆ ಬೇಡವೆಂದು ಹೇಳಿಕಳಿಸಿದ್ದಾರೆ. ಈ ಸಲ ಟಿಕೆಟ್ಟು ಅಕ್ಟೋಬರ್ ಕೊನೆಯ ವಾರಕ್ಕೆ ಆಗಿದೆ. ಅಮ್ಮಾವ್ರು ಎರಡು ಉಣ್ಣೆಯ ಸ್ವೆಟರು ಹೆಣೆಯುತ್ತಿದ್ದಾರೆ. ಹೊರಡುವುದರೊಳಗೆ ಬೋರಿನ ಮೋಟಾರನ್ನು ರಿಪೇರಿ ಮಾಡಿಸಿಡಬೇಕೆಂದು ನಮ್ಮ ತಂದೆಯವರಿಗೆ ಅಪ್ಪಣೆಯಾಗಿದೆ.